ಎಡಸುತ್ತು ಬೇಡದ ಜಡೆ

ಈರಕ್ಕನನ್ನು ಸೌಮ್ಯ ಸ್ವಭಾವದ ಹೆಂಗಸು ಎಂದು ಯಾರಾದರೂ ಹೇಳಿದರೆ, ಅವರು ಬೇರೆ ಯಾರೋ ಈರಕ್ಕನ ವಿಷಯ ಹೇಳುತ್ತಿದ್ದಾರೆ ಎಂದು ತಿಳಿಯಿರಿ. ನಾನು ಹೇಳಹೊರಟ ಈರಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಮಧುಗಿರಿಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಅವಳು ಗಣಿತದ ಉಪನ್ಯಾಸಕಿ, ನಾನು ಚರಿತ್ರೆಯವಳು. ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ ಒಂದೇ ಕೋಣೆ ಬಾಡಿಗೆಗೆ ಹಿಡಿದು ಹತ್ತು ವರ್ಷ ಒಟ್ಟಿಗಿದ್ದೆವು. ನನ್ನೂರು ಕೊರಟಗೆರೆ, ನಾನೂ ಸಿಟ್ಟಿನವಳೇ. ಇಬ್ಬರು ಸಿಟ್ಟಿನವರು ಒಂದು ಕೋಣೆಯಲ್ಲಿ ಹೇಗೆ ಬಾಳಿದಿರಿ ಎಂದು ಜನ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳುವುದಕ್ಕೆ ಹೊರಗೆ ಬೇಕಾದಷ್ಟು ಜನ ಇದ್ದರು, ಒಳಗೆ ಜಗಳವಾಡುವ ಅಗತ್ಯವೇ ಬೀಳಲಿಲ್ಲ.

1974ರ ಜೂನ್ ತಿಂಗಳಲ್ಲಿ ಅವಳು ಕೆಲಸಕ್ಕೆ ಸೇರಿದಳು. ಶಿರಾ ತಾಲ್ಲೂಕು ತಾವರೆಕೆರೆಯ ಆಚೆ ಒಂದು ಗೊಲ್ಲರಹಟ್ಟಿ ಅವಳದು. ಬೆಂಗಳೂರಿನಲ್ಲಿ ಎಂಎಸ್ಸಿ ಮುಗಿಸಿ ಬಂದಿದ್ದಳು. ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಒಬ್ಬ ಮಹಾಶಯರು, "ಗೊಲ್ಲರ ಹುಡುಗಿ ಲೆಕ್ಕ ಹೇಳಿಕೊಡೋದು ಅಂದರೆ ಕುರಿ ಲೆಕ್ಕವೇನಮ್ಮ?" ಎಂದು ನಕ್ಕರು. ಈರಕ್ಕ ತಲೆ ಎತ್ತದೆ, "ಹೌದು ಸಾರ್. ಈ ರೂಮಿನಿಂದಲೇ ಶುರು ಮಾಡಿದೀನಿ" ಎಂದಳು. ಆ ಮಹಾಶಯರು ನಿವೃತ್ತರಾಗುವವರೆಗೂ ಅವಳೊಂದಿಗೆ ಮಾತಾಡಲಿಲ್ಲ. ನನಗೆ ಅವಳು ಅವತ್ತೇ ಹಿಡಿಸಿದಳು.

ನಮ್ಮ ಮನೆಯೊಡತಿ ಕದರಮ್ಮ ಪಾವಗಡದ ಕಡೆಯವಳು, ಬಾಯಿ ತೆರೆದರೆ ಅರ್ಧ ತೆಲುಗು. ಈರಕ್ಕ ಬಂದ ತಿಂಗಳೊಳಗೆ ಕಿಟಕಿಯ ಸರಳಿಗೆ ಹಗ್ಗದ ಗೊಂಚಲು ಕಟ್ಟಿ ಇಳಿಬಿಟ್ಟಳು. ಸಂಜೆ ಕಾಲೇಜಿನಿಂದ ಬಂದವಳೇ ಆ ಹಗ್ಗಗಳನ್ನು ಹೆಣೆಯುವುದು, ಬಿಚ್ಚುವುದು, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುವುದು, ಮತ್ತೆ ಹೆಣೆಯುವುದು. ಕದರಮ್ಮ ಬಾಗಿಲಲ್ಲಿ ನಿಂತು ಗದರಿದಳು.

"ಏಮಮ್ಮಾ ಈರಕ್ಕಾ, ಈ ತಾಳ್ಳೇಮಿ ಕಿಟಕೀಲಿ? ಇಂಗೆ ಹಗ್ಗ ನೇತಾಕಿದ್ರೆ ನೋಡಿದೋರು ಏಮನುಕುಂಟಾರು? ನನ್ ಮನೆಗೆ ಕೆಟ್ಟ ಹೆಸರು ತರಬ್ಯಾಡ ತಲ್ಲೀ."

"ಲೆಕ್ಕ ಮಾಡ್ತಾ ಇದೀನಿ ಕದರಮ್ಮ."

"ಲೆಕ್ಕ ಅಂದ್ರೆ ಪಲಕ ಮೇಲೆ ಮಾಡ್ತಾರು. ತಾಳ್ಳಲ್ಲಿ ಯಾರು ಮಾಡ್ತಾರು?"

ಕದರಮ್ಮನ ಪ್ರಶ್ನೆ ನನ್ನದೂ ಆಗಿತ್ತು. ಈರಕ್ಕ ಅವತ್ತು ರಾಗಿಮುದ್ದೆ ತಿನ್ನುತ್ತಾ ನನಗೆ ಎಲ್ಲ ಹೇಳಿದಳು. ಈ ಕಥೆಗೆ ಅದು ಬೇಕೇ ಬೇಕು, ಆದ್ದರಿಂದ ನೀವೂ ಸ್ವಲ್ಪ ತಾಳ್ಮೆ ಇಟ್ಟು ಕೇಳಿ.

ಅವಳ ಹಟ್ಟಿಯಲ್ಲಿ ಜಡೆ ಕೋಲಾಟ ಆಡುತ್ತಾರೆ. ಬೇವಿನ ಮರದ ಕೊಂಬೆಗೆ ಹಗ್ಗಗಳ ಗೊಂಚಲು ಕಟ್ಟುತ್ತಾರೆ. ಒಬ್ಬೊಬ್ಬ ಆಟಗಾರ ಒಂದೊಂದು ಹಗ್ಗದ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕೋಲನ್ನು ಪಕ್ಕದವನ ಕೋಲಿಗೆ ಬಡಿಯುತ್ತಾ ಸುತ್ತುತ್ತಾನೆ. ಒಬ್ಬರನ್ನೊಬ್ಬರು ದಾಟಿದಂತೆಲ್ಲ ಮೇಲೆ ಹಗ್ಗಗಳು ಹೆಣೆದುಕೊಂಡು ಜಡೆಯಾಗುತ್ತವೆ. ಆಮೇಲೆ ಅದನ್ನು ಕುಣಿಯುತ್ತಲೇ ಬಿಚ್ಚಬೇಕು. ಬೇರೆ ಊರುಗಳಲ್ಲಿ ಇದೇನು ಕಷ್ಟವಲ್ಲ, ಬಲಕ್ಕೆ ಸುತ್ತಿ ಹೆಣೆದದ್ದನ್ನು ಎಡಕ್ಕೆ ಸುತ್ತಿ ಬಿಚ್ಚುತ್ತಾರೆ. ಈ ಹಟ್ಟಿಯಲ್ಲಿ ಮಾತ್ರ ಎಡಕ್ಕೆ ಸುತ್ತುವಂತಿಲ್ಲ. ಎಡಸುತ್ತು ಹೆಣಕ್ಕೆ. ಬದುಕಿರುವವರ ನಡುವೆ ಯಾರಾದರೂ ಎಡಕ್ಕೆ ಸುತ್ತಿದರೆ ಒಬ್ಬರನ್ನು ಸತ್ತವರೆಂದು ಕರೆದ ಹಾಗೆ.

ಮತ್ತೆ ಜಡೆ ಬಿಚ್ಚುವುದು ಹೇಗೆ? ಅದಕ್ಕೆ ಹಳಬರು ಒಂದು ಉಪಾಯ ಮಾಡಿಕೊಂಡಿದ್ದರು. ಹೆಣೆಯುವಾಗ ಹಿಂದಿನವನು ಮುಂದಿನವನನ್ನು ಹೊರಗಿನಿಂದ ದಾಟುತ್ತಾನೆ. ಬಿಚ್ಚುವಾಗ ಒಳಗಿನಿಂದ, ಮರದ ಕಡೆಯಿಂದ ನುಸುಳಿ ದಾಟುತ್ತಾನೆ. ಎಲ್ಲರೂ ಬಲಕ್ಕೇ ಹೋಗುತ್ತಿರುತ್ತಾರೆ, ಜಡೆ ಮಾತ್ರ ಬಿಚ್ಚುತ್ತಾ ಬರುತ್ತದೆ. ಹೆಜ್ಜೆಯ ಇಂಥ ಒಂದೊಂದು ವರಸೆಗೂ ಅವರ ಕಡೆ ಕೋಪು ಎನ್ನುತ್ತಾರೆ. ಕೊನೆಯ ಉಕಾರ ತೆಗೆದರೆ ಕೋಪ. ಈರಕ್ಕ ಆ ಉಕಾರವನ್ನು ಬಹಳ ಸಲ ತೆಗೆದೇ ಮಾತಾಡುತ್ತಿದ್ದಳು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆದರೆ ಹಳಬರ ಒಳಕೋಪು ಸರಿಯಾಗಿ ಹೆಣೆದ ಜಡೆಗೆ ಮಾತ್ರ. ನಡುವೆ ಒಬ್ಬ ಹೊರಗೆ ಹೋಗಬೇಕಾದಲ್ಲಿ ಒಳಗೆ ನುಗ್ಗಿಬಿಟ್ಟರೆ ಜಡೆ ಸಿಕ್ಕು ಬೀಳುತ್ತದೆ. ಆಮೇಲೆ ಎಷ್ಟು ಕುಣಿದರೂ ಬಿಚ್ಚುವುದಿಲ್ಲ. ಎಡಕ್ಕೂ ಸುತ್ತುವಂತಿಲ್ಲ. ಆಗ ಹಟ್ಟಿಯ ಯಜಮಾನ ಕುಡುಗೋಲು ತರಿಸಿ ಜಡೆಯನ್ನು ಕೊಯ್ಯುತ್ತಾನೆ. ಮೇಕೆ ಕೂದಲಿನ ಆ ಹಗ್ಗಗಳನ್ನು ಹೊಸೆಯುವವರು ಹೆಂಗಸರು, ಹಿಡಿಯುವವರು ಗಂಡಸರು, ಕೊಯ್ಯುವವನು ಯಜಮಾನ. ತಪ್ಪಿದವನು ಮತ್ತೆ ಬದುಕಿರುವವರೆಗೆ ಹಗ್ಗ ಮುಟ್ಟುವ ಹಾಗಿಲ್ಲ. ಅವನ ಹೆಸರೂ ಹೋಗುತ್ತದೆ. ಅವನು "ಜಡೆ ಕೊಯ್ಸಿದೋನು".

ಈರಕ್ಕನ ಅಪ್ಪ ಯತ್ತಪ್ಪ ಜಡೆ ಕೊಯ್ಸಿದೋನು. ಹಟ್ಟಿಯಲ್ಲಿ ಅವನಷ್ಟು ಚೆನ್ನಾಗಿ ಕುಣಿಯುವವರೇ ಇರಲಿಲ್ಲವಂತೆ. ಒಂದು ಕಾರ್ತಿಕದಲ್ಲಿ ಜಡೆ ಸಿಕ್ಕು ಬಿತ್ತು, ಯಜಮಾನ ಜುಂಜಪ್ಪ ಯತ್ತಪ್ಪನತ್ತ ಕೈ ತೋರಿಸಿದ, ಕುಡುಗೋಲು ಬಂತು. ಈರಕ್ಕನಿಗೆ ಆಗ ಹದಿಮೂರು. ಮುಟ್ಟಾದ ಹೆಂಗಸರನ್ನು ಕೂರಿಸುವ ಹಟ್ಟಿಯಾಚೆಯ ಗುಡ್ಲಿನಲ್ಲಿ ಕೂತಿದ್ದಳು. ಅಲ್ಲಿಂದ ಅವಳಿಗೆ ಕುಣಿಯುವವರು ಕಾಣಲಿಲ್ಲ, ಬೇಲಿಯ ಮೇಲೆ ಜಡೆಯ ನೆತ್ತಿ ಕಾಣುತ್ತಿತ್ತು. ಅದು ತಟ್ಟನೆ ಕೆಳಗೆ ಬಿದ್ದದ್ದನ್ನು ನೋಡಿದಳು. ಏನಾಯಿತು ಎಂದು ಕೇಳಲು ಎದ್ದು ಹೋಗುವಂತೆಯೂ ಇರಲಿಲ್ಲ. ಆಮೇಲೆ ಶಿರಾದ ಹೈಸ್ಕೂಲಿನವರೆಗೂ ಅವಳನ್ನು ಹುಡುಗರು ಕರೆದದ್ದು "ಜಡೆ ಕೊಯ್ಸಿದೋನ ಮಗಳು" ಎಂದೇ. ತಲೆಯಲ್ಲಿ ಜಡೆ ಇರುವ ಹುಡುಗಿಗೆ ಆ ಮಾತು ಹೇಗೆ ಕೇಳಿಸುತ್ತದೆ ಎಂದು ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ.

"ನಿಮ್ಮಪ್ಪ ನಿಜವಾಗಿ ತಪ್ಪಿದ್ದನಾ?" ಎಂದು ನಾನು ಕೇಳಿದೆ.

"ಅದು ನನ್ನ ಪ್ರಶ್ನೆಯೇ ಅಲ್ಲ ಈಶ್ವರಮ್ಮ" ಎಂದಳು. "ತಪ್ಪಿದ್ದ ಅಂತಲೇ ಇಟ್ಟುಕೊ. ತಪ್ಪಿದ ಜಡೆ ಬಿಚ್ಚಲ್ಲ ಅಂತ ಯಾರು ಹೇಳಿದ್ದು? ಎಡಕ್ಕೆ ಒಂದು ಹೆಜ್ಜೆ ಇಡದೆ ಅದನ್ನು ಬಿಚ್ಚೋಕೆ ಆಗಲ್ಲ ಅಂತ ಯಾರು ಪರೀಕ್ಷೆ ಮಾಡಿದ್ರು? ಯಾರೂ ಇಲ್ಲ. ಕುಡುಗೋಲು ಹತ್ತಿರ ಇತ್ತು, ಕೊಯ್ದರು."

ಅವಳ ಸಂಶೋಧನೆ ಇಷ್ಟೇ. ಉಳಿದದ್ದೆಲ್ಲ ಈ ಸಿಟ್ಟಿನ ಬೀಜಗಣಿತ.

ಹೆಣಿಗೆಗಳ ಬೀಜಗಣಿತ ಎಂದು ಒಂದು ಶಾಖೆಯೇ ಇದೆಯೆಂದು ಅವಳಿಗೆ ಎಂಎಸ್ಸಿಯಲ್ಲಿ ಗೊತ್ತಾಗಿತ್ತು. ಹಗ್ಗ ಹಗ್ಗವನ್ನು ದಾಟುವ ಒಂದೊಂದು ಬಗೆಗೆ ಒಂದೊಂದು ಅಕ್ಷರ. ಜಡೆ ಎಂದರೆ ಆ ಅಕ್ಷರಗಳ ಒಂದು ಉದ್ದ ಪದ. ಬಿಚ್ಚುವುದೆಂದರೆ ಆ ಪದವನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತಾ ಬರುವುದು. ನನಗೆ ಒಮ್ಮೆ ಮೂರು ಹಗ್ಗ ಹೆಣೆದು ತೋರಿಸಿದಳು. ಮೂರು ತುದಿಗಳೂ ಮೊದಲಿದ್ದ ಜಾಗಕ್ಕೇ ಬಂದಿದ್ದವು. "ಕೆಳಗೆ ನೋಡಿದರೆ ಎಲ್ಲರೂ ಅವರವರ ಜಾಗದಲ್ಲೇ ನಿಂತಿದಾರೆ. ಏನೂ ಆಗೇ ಇಲ್ಲ ಅನ್ನಬಹುದು. ಮೇಲೆ ನೋಡು" ಎಂದಳು. ಮೇಲೆ ಗಂಟು ಹಾಗೇ ಇತ್ತು. ಗಣಿತದಲ್ಲಿ ನಾನು ದಡ್ಡಿ, ಆದರೆ ಚರಿತ್ರೆ ಹೇಳುವವಳಾದ್ದರಿಂದ ಅದು ಚೆನ್ನಾಗಿಯೇ ಅರ್ಥವಾಯಿತು.

ಅಪ್ಪ ಯತ್ತಪ್ಪ ಒಮ್ಮೆ ಹುರುಳಿ ಗಂಟು ಹೊತ್ತು ನಮ್ಮ ಕೋಣೆಗೆ ಬಂದಿದ್ದ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಕಿಟಕಿಯ ಹಗ್ಗಗಳನ್ನು ನೋಡಿದ. ಕೈ ತಾನಾಗಿ ಮೇಲೆ ಹೋಯಿತು. ಹಗ್ಗದ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತಂದು ಪಂಚೆಗೆ ಒರೆಸಿಕೊಂಡ.

"ಹಿಡ್ಕಳಪ್ಪ. ಇದು ಹಟ್ಟಿ ಹಗ್ಗ ಅಲ್ಲ, ಪ್ಯಾಟೇದು" ಎಂದಳು ಈರಕ್ಕ.

"ಬ್ಯಾಡ ಕಣವ್ವ. ಹಗ್ಗ ಎಲ್ಲಿದ್ರೂ ಹಗ್ಗಾನೆ. ನಾ ಮುಟ್ಟಂಗಿಲ್ಲ" ಎಂದ. ಬಸ್ಸಿಗೆ ಹೊತ್ತಾಯಿತು ಎಂದು ಕಾಫಿಯನ್ನೂ ಕುಡಿಯದೆ ಹೊರಟ. ಈರಕ್ಕ ಅವತ್ತು ಊಟ ಮಾಡಲಿಲ್ಲ. ಅಪ್ಪ ಸಾಯುವುದರೊಳಗೆ ಅವನ ಕೈಗೆ ಹಟ್ಟಿಯವರೇ ಹಗ್ಗ ಕೊಡಬೇಕು ಎಂದಳು. ಅವಳಿಗೆ ಬೇಕಾಗಿದ್ದ ಡಾಕ್ಟರೇಟ್ ಅದು. ವಿಶ್ವವಿದ್ಯಾಲಯದ್ದು ಅದಕ್ಕೆ ದಾರಿ.

1977ರಲ್ಲಿ ಬೆಂಗಳೂರಿನ ನಂದೀಶ್ವರಯ್ಯ ಎಂಬ ಪ್ರೊಫೆಸರರ ಬಳಿ ಪಿಎಚ್‌ಡಿಗೆ ಹೆಸರು ನೋಂದಾಯಿಸಿದಳು. ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಬಸ್ಸು ಹತ್ತುವುದು, ಭಾನುವಾರ ಸಂಜೆ ಧೂಳು ಮೆತ್ತಿಕೊಂಡು ಬರುವುದು. ಸಂಶೋಧನೆಗೆ ರಜೆ ಕೇಳಿದ್ದಕ್ಕೆ ನಮ್ಮ ಪ್ರಿನ್ಸಿಪಾಲರು, "ಪಿಯುಸಿ ಮಕ್ಕಳಿಗೆ ಇಷ್ಟು ಸಾಕಲ್ಲಮ್ಮ, ಮದುವೆಗೆ ಬೇಕಾದರೆ ರಜೆ ಕೊಡ್ತೀನಿ" ಎಂದಿದ್ದರು. ಆ ಮಾತಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಂದೀಶ್ವರಯ್ಯ ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟು ಕೂರಿಸಿ, ಈ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದರು. ಅವಳು ಗುಡ್ಲಿನ ಮಾತು ಹೇಳಿದಳು. ಅವರ ಕಣ್ಣು ಅರಳಿತು.

"ಅದ್ಭುತ! ಆ ಗುಡಿಸಲೇ ನಿನ್ನ ಲ್ಯಾಬೊರೇಟರಿ ಅನ್ನು. ಹಾಗೆ ದೂರ ಕೂರಿಸದಿದ್ದರೆ ನೀನು ಕಾಲು ನೋಡ್ತಿದ್ದೆ, ಜಡೆ ನೋಡ್ತಿರಲಿಲ್ಲ."

ಈರಕ್ಕ ತಟ್ಟೆ ಕೆಳಗಿಟ್ಟಳು. "ನಿಮ್ಮ ಮಗಳನ್ನೂ ಕಳಿಸಿ ಸಾರ್. ಮೂರು ದಿನ ಚಳೀಲಿ ಕೂತು ಏನು ಕಂಡುಹಿಡೀತಾಳೆ ನೋಡೋಣ."

ಅವರ ಮುಖ ಸಪ್ಪಗಾಯಿತು. ನನಗೆ ಪಾಪ ಅನ್ನಿಸಲಿಲ್ಲ. ಕಷ್ಟ ಪಟ್ಟವರ ಎದುರಿಗೆ ಕೂತು ಆ ಕಷ್ಟವನ್ನೇ ಹೊಗಳುವವರನ್ನು ಕಂಡರೆ ನನಗಾಗುವುದಿಲ್ಲ. ಅವಳು ಗಣಿತ ಕಲಿತದ್ದು ಗುಡ್ಲಿನಿಂದಲ್ಲ, ಗುಡ್ಲು ಇದ್ದಾಗ್ಯೂ ಕಲಿತಳು.

ಅವರಿಬ್ಬರ ನಿಜವಾದ ಜಗಳ ಬೇರೆಯದು. "ಬಲಕ್ಕೆ ಮಾತ್ರ ಸುತ್ತಬೇಕು ಅನ್ನೋ ನಿಬಂಧನೆ ಕೃತಕ ಕಣಮ್ಮ, ಅದನ್ನು ತೆಗೆದುಬಿಡು" ಎಂದು ಅವರು ವರ್ಷಗಟ್ಟಲೆ ಹೇಳಿದರು. "ಹಿಂದಕ್ಕೆ ಸುತ್ತಿದರೆ ಯಾವ ಜಡೆಯಾದರೂ ಬಿಚ್ಚುತ್ತೆ. ಇರೋ ಸುಲಭ ದಾರೀನ ಮುಚ್ಚಿ ಕಷ್ಟದ್ದು ಯಾಕೆ ಹುಡುಕ್ತೀಯ? ಬೇರೆ ವಿಷಯ ಕೊಡ್ತೀನಿ, ಎರಡು ವರ್ಷದಲ್ಲಿ ಮುಗಿಸಬಹುದು."

"ಹಿಂದಕ್ಕೆ ಸುತ್ತಬಹುದಾಗಿದ್ದರೆ ನಾನು ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ ಸಾರ್?"

ಬಸ್ಸಿನಲ್ಲಿ ಬರುವಾಗ ನಾನೂ ಅವಳ ಮೇಲೆ ಹರಿಹಾಯ್ದೆ. ನಿನ್ನನ್ನು ಗುಡ್ಲಿಗೆ ಹಾಕಿದ್ದು ಆ ಹಟ್ಟಿಯ ಕಟ್ಟಳೆ, ನಿಮ್ಮಪ್ಪನ ಹೆಸರು ಕಿತ್ತುಕೊಂಡದ್ದೂ ಅದೇ ಕಟ್ಟಳೆ, ಈಗ ಅದನ್ನೇ ತಲೆ ಮೇಲೆ ಹೊತ್ತು ಮೆರೆಸುತ್ತೀಯಾ ಎಂದೆ. ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಎಡಕ್ಕೆ ಸುತ್ತಿ ಬಿಚ್ಚಿದರೆ ಜುಂಜಪ್ಪ ಒಪ್ಪಲ್ಲ. ಅವನ ಕಟ್ಟಳೆಯ ಒಳಗೇ ನಿಂತು, ಒಂದು ಹೆಜ್ಜೆಯೂ ಮೀರದೆ, ಅವನು ಕೊಯ್ದದ್ದು ತಪ್ಪು ಅಂತ ತೋರಿಸಬೇಕು. ಅವನ ಬಾಯಲ್ಲಿ ಉತ್ತರ ಇರಬಾರದು." ಬಸ್ಸು ಕೊರಟಗೆರೆ ಸ್ಟ್ಯಾಂಡಿನಲ್ಲಿ ನಿಂತಿತು, ಕಡಲೆಕಾಯಿ ಮಾರುವವರು ಮುತ್ತಿಕೊಂಡರು, ಮಾತು ಅಲ್ಲಿಗೆ ನಿಂತಿತು.

ಬಲಕ್ಕೇ ಸುತ್ತುತ್ತಾ ಬಿಚ್ಚಬಹುದು ಎಂದು ತೋರಿಸುವುದು ಅವಳಿಗೆ ಬೇಗ ಆಯಿತು. ಕಷ್ಟ ಅದಲ್ಲ. ಬಲಕ್ಕೆ ಹಾಕುವ ಒಂದೊಂದು ಸುತ್ತೂ ಜಡೆಗೆ ತನ್ನದೇ ಹೊಸ ತಿರುಚು ಸೇರಿಸುತ್ತದೆ. ಬಿಚ್ಚುತ್ತಾ ಹೋದ ಹಾಗೆ ಅದೂ ಬೆಳೆಯುತ್ತದೆ. ಸಾವಿರ ಸುತ್ತಿನಲ್ಲಿ ಬಿಚ್ಚುತ್ತದೆ ಎಂದು ಹಟ್ಟಿಗೆ ಹೋಗಿ ಹೇಳಿದರೆ ಕುರಿಗಳೂ ನಗುತ್ತವೆ. ಕುಣಿಯುವವರ ಕಾಲು ಸೋಲುವುದರೊಳಗೆ ಬಿಚ್ಚಬೇಕು. ಎಷ್ಟು ಬಗೆಯ ತಪ್ಪುಗಳು ಆಗಬಹುದು, ಒಂದೊಂದಕ್ಕೂ ಅತಿ ಕಡಿಮೆ ಎಷ್ಟು ಸುತ್ತು ಬೇಕು, ಎಲ್ಲಕ್ಕೂ ಸೇರಿ ಒಂದು ಮಿತಿ ಇದೆಯೇ? ಈ ಎಣಿಕೆಯಲ್ಲಿ ಅವಳ ಐದು ವರ್ಷ ಹೋಯಿತು.

ಎಡವುತ್ತಿದ್ದದ್ದು ಎಲ್ಲಿ ಎಂದು ಕೊನೆಗೆ ಗೊತ್ತಾಯಿತು. ಅವಳು ತಪ್ಪನ್ನು ಅದು ಇದ್ದ ಜಾಗದಲ್ಲೇ ಬಿಡಿಸಲು ಹೋಗುತ್ತಿದ್ದಳು. ಹಾಗಲ್ಲ, ಮೊದಲು ಅದನ್ನು ಜಡೆಯೊಳಗೆ ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಸರಿಸುತ್ತಾ ತುದಿಗೆ ತರಬೇಕು, ಆಮೇಲೆ ಬಿಡಿಸಬೇಕು. ಮಂದೆಯ ನಡುವೆ ಸಿಕ್ಕಿಕೊಂಡ ಕುಂಟುಕುರಿಯನ್ನು ಅಂಚಿಗೆ ತರುವ ಹಾಗೆ ಎಂದು ನನಗೆ ವಿವರಿಸಿದಳು. ಹಾಗೆ ಮಾಡಿದರೆ ಎಂಥ ತಪ್ಪು ಜಡೆಯಾದರೂ ಹೆಣೆಯಲು ಹಿಡಿದ ಹೊತ್ತಿನ ಮೂರರಷ್ಟು ಹೊತ್ತಿನಲ್ಲಿ ಬಿಚ್ಚುತ್ತದೆ. ಎಡಸುತ್ತು ಬೇಡ. ಕುಡುಗೋಲಂತೂ ಬೇಡವೇ ಬೇಡ. ಅದೇ ಅವಳ ಪ್ರಮೇಯ. ನಂದೀಶ್ವರಯ್ಯನವರು ಎರಡು ವಾರ ಅದರಲ್ಲಿ ತಪ್ಪು ಹುಡುಕಿ, ಸಿಗದೆ, "ನಿಬಂಧನೆ ಇರಲಿ ಬಿಡಮ್ಮ" ಎಂದರು. 1983ರ ಬೇಸಿಗೆಯಲ್ಲಿ ಡಾಕ್ಟರೇಟ್ ಬಂತು. ಸ್ಟಾಫ್ ರೂಮಿನಲ್ಲಿ ಖಾರಾಬೂಂದಿ ಹಂಚಿದರು. ಕದರಮ್ಮ, "ಇಂಜೆಕ್ಷನ್ ಕೊಡ್ತಾಳಂಟಾ?" ಎಂದು ನನ್ನನ್ನು ಗುಟ್ಟಾಗಿ ಕೇಳಿದಳು.

ಹಟ್ಟಿಯವರಿಗೆ ಪ್ರಬಂಧ ಓದಿ ಹೇಳಲಾಗುವುದಿಲ್ಲವಲ್ಲ. ಈರಕ್ಕ ತನ್ನ ತಮ್ಮ ಪಾಲಣ್ಣನನ್ನು ಕರೆಸಿಕೊಂಡಳು. ಅವನಿಗೆ ಮದುವೆಯಾಗಿ ಮಕ್ಕಳಿದ್ದರು, ಹಟ್ಟಿಯ ಕೋಲಾಟದಲ್ಲಿ ಮುಂಚೂಣಿಯವನು. ತಪ್ಪನ್ನು ಅಂಚಿಗೆ ತರುವ ಹೊಸ ಕೋಪನ್ನು ಕಿಟಕಿಯ ಹಗ್ಗಗಳಲ್ಲಿ ಕಲಿತು ಹೋಗಿ, ಕುರಿ ಮೇಯಿಸುವ ಕಡೆ ಜಾಲಿಮರಕ್ಕೆ ಹಗ್ಗ ಕಟ್ಟಿ ಜೊತೆಯವರಿಗೆ ಕಲಿಸಿದ. ಇದು ಯಾರದ್ದು ಎಂದು ಅವರು ಕೇಳಿದರೆ "ಅಕ್ಕಂದು" ಎಂದು ಹೇಳಬೇಕು ಎಂದು ಅವಳು ಅವನಿಂದ ಆಣೆ ಹಾಕಿಸಿಕೊಂಡಿದ್ದಳು.

ಆ ವರ್ಷದ ಕಾರ್ತಿಕದಲ್ಲಿ ನಾನೂ ಅವಳೊಂದಿಗೆ ಹಟ್ಟಿಗೆ ಹೋದೆ. ತಾವರೆಕೆರೆಯಲ್ಲಿ ಬಸ್ಸಿಳಿದು ನಡೆದೆವು. ಇಳಿಹೊತ್ತು. ಬೇವಿನ ಮರದ ಕೆಳಗೆ ಗಂಡಸರು ಸೇರಿದ್ದರು. ಹೆಂಗಸರು ದೂರದಲ್ಲಿ ಕಲ್ಲುಗಳ ಮೇ‌ಲೆ. ಯಜಮಾನ ಜುಂಜಪ್ಪ, ತಲೆಗೆ ದೊಡ್ಡ ರುಮಾಲು, ಮರಕ್ಕೆ ಹತ್ತಿರದ ಚಾಪೆಯಲ್ಲಿ ಕೂತಿದ್ದ. ಯತ್ತಪ್ಪ ಗಂಡಸರ ಜೊತೆಗೂ ಇಲ್ಲ, ಹೆಂಗಸರ ಜೊತೆಗೂ ಇಲ್ಲ, ನಡುವೆ ಒಂದು ಮೋಟುಗೋಡೆಗೆ ಒರಗಿ ಕೂತಿದ್ದ. ಪ್ರತಿ ವರ್ಷ ಅದೇ ಅವನ ಜಾಗವಂತೆ.

ಬೇಕೆಂದೇ ತಪ್ಪು ಜಡೆ ಹೆಣೆದು ಆಮೇಲೆ ಬಿಚ್ಚಿ ತೋರಿಸುವುದೆಂದು ಪಾಲಣ್ಣ ಯೋಚಿಸಿದ್ದ. ಅಷ್ಟು ತೊಂದರೆಯೇ ಬೇಕಾಗಲಿಲ್ಲ. ಜಡೆ ಅರ್ಧ ಹೆಣೆದಾಗ ಜುಂಜಪ್ಪನ ಮಗ ಕ್ಯಾತಪ್ಪ, ಕುಡಿದಿದ್ದನೋ ಮೈಮರೆತನೋ, ಹೊರಗೆ ಹೋಗಬೇಕಾದವನು ಒಳಗೆ ನುಗ್ಗಿದ. ಎಲ್ಲರ ಕಣ್ಣಿಗೂ ಬಿತ್ತು. ಮೇಲೆ ಜಡೆ ಗಂಟು ಕಟ್ಟಿಕೊಂಡಿತು. ಕೋಲುಗಳ ಸದ್ದು ನಿಂತಿತು. ಕ್ಯಾತಪ್ಪನ ಮುಖ ಬೂದಿಯಾಯಿತು. ಜುಂಜಪ್ಪ ಬಾಯಿ ತೆರೆದ, ಕುಡುಗೋಲು ಎನ್ನಲಿಲ್ಲ. ಮಗನಲ್ಲವೇ.

"ತಡಿ ದೊಡ್ಡಪ್ಪ. ಬಿಚ್ತೀವಿ" ಎಂದ ಪಾಲಣ್ಣ.

"ಎಡಕ್ಕೆ ಸುತ್ತಂಗಿಲ್ಲ ಕಣ್ಲಾ!"

"ಎಡಕ್ಯಾಕೆ ಸುತ್ತೀವಿ? ಸುಮ್ಕೆ ನೋಡು."

ಪಾಲಣ್ಣ ಕೋಲು ಬಡಿದ. ಅವನೂ ಜೊತೆಯವರೂ ಹೊಸ ಕೋಪು ಹಿಡಿದರು, ಗೊತ್ತಿಲ್ಲದವರು ಅವರ ಹಿಂದೆ ಕಾಲು ಹಾಕಿದರು. ಒಬ್ಬ ಒಳಗೆ ನುಸುಳುತ್ತಾನೆ, ಇನ್ನೊಬ್ಬ ಹೊರಗೆ ದಾಟುತ್ತಾನೆ, ಯಾರೂ ಬಲ ಬಿಟ್ಟು ಎಡಕ್ಕೆ ತಿರುಗುವುದಿಲ್ಲ. ಈರಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಚರ್ಮಕ್ಕೆ ಒತ್ತುತ್ತಿತ್ತು. ಗಂಟು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಸರಿದು ಸರಿದು ಕೆಳಗೆ ಬಂದು, ಸಡಿಲಾಗಿ, ಇಲ್ಲವಾಯಿತು. ಹೊತ್ತು ಮುಳುಗುವುದರೊಳಗೆ ಹಗ್ಗಗಳೆಲ್ಲ ಬಿಡಿಬಿಡಿಯಾಗಿ ತೂಗುತ್ತಿದ್ದವು. ಜನ ಹೋ ಎಂದು ಕೂಗಿದರು. ಜುಂಜಪ್ಪ ಎದ್ದು ಬಂದು ಮಗನನ್ನು ತಬ್ಬಿಕೊಂಡ.

"ನೋಡ್ರಲಾ! ನಮ್ ಹಟ್ಟಿ ಜಡೆ ಹೆಂಗಿದ್ರೂ ಬಿಚ್ತದೆ! ಎಲ್ಲಾ ದ್ಯಾವ್ರ ಮೈಮೆ!"

"ಅಕ್ಕನ ಕೋಪು ಇದು. ಆರು ವರ್ಸ ಕುಂತು ಕಂಡಿಡಿದವ್ಳೆ" ಎಂದ ಪಾಲಣ್ಣ. ಆಣೆ ಉಳಿಸಿಕೊಂಡ. ಜುಂಜಪ್ಪ ಈರಕ್ಕನ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, "ಬಾಳ ಒಳ್ಳೇದಾಯ್ತು ಕಣವ್ವ" ಎಂದ.

ಈರಕ್ಕ ಮುಂದೆ ಬಂದಳು. "ಈಗ ನಮ್ಮಪ್ಪನ್ ಕೈಗೆ ಹಗ್ಗ ಕೊಡು ದೊಡ್ಡಪ್ಪ. ಅವತ್ತಿನ ಜಡೇನೂ ಬಿಚ್ತಿತ್ತು. ನೀನು ಕೊಯ್ದಿದ್ದು ತಪ್ಪು."

ಯತ್ತಪ್ಪ ಗೋಡೆಯಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತ. ಅವನ ಕಣ್ಣು ಹಗ್ಗಗಳ ಮೇಲಿತ್ತು.

ಜುಂಜಪ್ಪ ರುಮಾಲು ಸರಿಮಾಡಿಕೊಂಡ. "ಅದೆಂಗಾಯ್ತದವ್ವ? ಇವ್ನ ಜಡೆ ಬಿಚ್ತು, ತಪ್ಪಿಲ್ಲ. ಯತ್ತಪ್ಪಂದು ಕೊಯ್ದಾಗೈತೆ. ಕೊಯ್ದಿದ್ದು ಕೊಯ್ದಂಗೇಯ. ಜಡೆ ಕೊಯ್ಸಿದೋನು ಹಗ್ಗ ಮುಟ್ಟಂಗಿಲ್ಲ. ಕಟ್ಳೆ ಅಂದ್ರೆ ಕಟ್ಳೆ."

ಎದುರಿಗೇ ತಪ್ಪಿದ ಮಗ ತಲೆ ಎತ್ತಿಕೊಂಡು ನಿಂತಿದ್ದಾನೆ. ಅವನನ್ನು ಉಳಿಸಿದ್ದು ಯಾರ ಮಗಳ ವಿದ್ಯೆಯೋ ಅವನು ಗೋಡೆಯ ಪಕ್ಕ ಕೂತಿದ್ದಾನೆ. ನೂರು ಜನರಲ್ಲಿ ಒಬ್ಬನಾದರೂ ಬಾಯಿ ಬಿಡಬೇಕಲ್ಲ! ಥೂ ಎಂದು ಉಗಿಯೋಣವೆನ್ನಿಸಿತು. ಯತ್ತಪ್ಪ ಮತ್ತೆ ಗೋಡೆಗೆ ಒರಗಿದ.

ಅದನ್ನು ಈರಕ್ಕ ನೋಡಿದಳು. ಹೆಂಗಸರು ಕಾಲಿಡಬಾರದ ಆ ಆವರಣದೊಳಗೆ ನಡೆದು ಹೋಗಿ, ತೂಗುತ್ತಿದ್ದ ಹಗ್ಗಗಳನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು. ಹಿಡಿದು, ಮರದ ಕೆಳಗೆ, ಜುಂಜಪ್ಪನೂ ಅವನ ಮಗನೂ ನಿಂತಿದ್ದ ಆ ಗುಂಪಿನ ಸುತ್ತ ಎಡಕ್ಕೆ ಸುತ್ತತೊಡಗಿದಳು.

ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಅವಳ ಅವ್ವ ರಂಗಕ್ಕ, "ಬ್ಯಾಡ ಕಣೇ, ಬ್ಯಾಡ!" ಎಂದು ಚೀರಿದಳು. ಗಂಡಸರು ಹಗ್ಗ ಮೈಗೆ ತಗುಲೀತೆಂದು ತಲೆ ತಗ್ಗಿಸಿ ಚದುರಿದರು. ಅವಳು ಹೆಣ ಸುತ್ತುವವರ ಹಾಗೆ ನಿಧಾನಕ್ಕೆ, ಮುಖ ನೆಟ್ಟಗಿಟ್ಟುಕೊಂಡು, ಸುತ್ತು ಮೇಲೆ ಸುತ್ತು ಹಾಕಿದಳು. ಹಗ್ಗಗಳು ಒಂದಕ್ಕೊಂದು ತಿರುಚಿಕೊಂಡು ದಪ್ಪ ಹುರಿಯಾದವು. ಇನ್ನು ಸುತ್ತಲು ಉದ್ದ ಸಾಲದಾದಾಗ ತುದಿಗಳನ್ನು ಗಂಟು ಹಾಕಿ ಬಿಟ್ಟು, ಹೊರಗೆ ಬಂದು ನಿಂತಳು.

ಜುಂಜಪ್ಪನ ರುಮಾಲು ಬಿಚ್ಚಿಹೋಗಿತ್ತು. "ಕೊಯ್ರಲೇ ಅದನ್ನ! ಕೊಯ್ದು ಸುಡ್ರಿ! ಸೂತಕದ್ ಹಗ್ಗ ಅದು!" ಎಂದು ಕಿರುಚಿದ. ಕುಡುಗೋಲು ಬಂತು. ಆದರೆ ಹಗ್ಗ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಪಾಲಣ್ಣನೂ ಬರಲಿಲ್ಲ. ಜುಂಜಪ್ಪ ತಾನೇ ಕುಡುಗೋಲು ಹಿಡಿದು ಎರಡು ಹೆಜ್ಜೆ ಇಟ್ಟು, ಹಗ್ಗ ನೋಡಿ, ನಿಂತುಬಿಟ್ಟ.

ಆಗ ಯತ್ತಪ್ಪ ಎದ್ದ. ಕಂಬಳಿಯನ್ನು ಗೋಡೆಯ ಮೇಲೆ ಹಾಕಿ ಜನರ ನಡುವೆ ನಡೆದು ಬಂದ.

"ಕೊಯ್ಬ್ಯಾಡ ಜುಂಜಪ್ಪ. ಹೆಂಗಸ್ರು ಹೊಸ್ದಿರ ಹಗ್ಗ. ನಿಂಗೆ ಕೊಯ್ಯದೊಂದೇ ಗೊತ್ತು."

"ನೀ ಮುಟ್ಟಂಗಿಲ್ಲ ಯತ್ತಪ್ಪ!"

"ನಿಮ್ ಪೈಕಿ ಯಾರ್ ಮುಟ್ತೀರಾ ಯೋಳಿ. ನಾ ಹೊಂಟೋಯ್ತೀನಿ."

ಗಂಡಸರು ಒಂದು ಹೆಜ್ಜೆ ಹಿಂದೆ ಸರಿದರು. ಯತ್ತಪ್ಪ ಗಂಟು ಬಿಚ್ಚಿ ಹಗ್ಗಗಳನ್ನು ಕೈಗೆ ತೆಗೆದುಕೊಂಡ. ಎಡಕ್ಕೆ ಸುತ್ತಿದ್ದನ್ನು ಬಿಚ್ಚಲು ಬಲಕ್ಕೆ ಸುತ್ತಿದರೆ ಸಾಕು, ಅದಕ್ಕೆ ಯಾವ ಪ್ರಮೇಯವೂ ಬೇಡ. ಮೊದಲ ಸುತ್ತು ನಡೆದ. ಎರಡನೆಯದರಲ್ಲಿ ಅವನ ಕಾಲು ಬೇರೆಯಾಯಿತು. ಹಿಮ್ಮಡಿ ತಟ್ಟಿ, ಮೊಣಕಾಲು ಬಗ್ಗಿಸಿ, ಬೆನ್ನು ಅರ್ಧ ತಿರುಗಿಸಿ ಆ ಮುದುಕ ಕುಣಿದ. ಎಲ್ಲೋ ಹಿಂದಿನಿಂದ ಪಾಲಣ್ಣ ಕೋಲನ್ನು ಕಲ್ಲಿಗೆ ಬಡಿಯತೊಡಗಿದ. ಅವನೊಬ್ಬನೇ. ಕ್ಯಾತಪ್ಪನ ಕೈಯಲ್ಲೂ ಕೋಲಿತ್ತು, ಅವನು ನೆಲ ನೋಡುತ್ತಾ ನಿಂತಿದ್ದ. ಅವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಹಗ್ಗಗಳು ಪೂರ್ತಿ ಬಿಡಿಯಾದ ಮೇಲೆ ಯತ್ತಪ್ಪ ಮರ ಹತ್ತಿ ಗೊಂಚಲನ್ನು ಬಿಚ್ಚಿ ಇಳಿಸಿದ, ಸುತ್ತಿ ಹೆಗಲಿಗೆ ಹಾಕಿಕೊಂಡ. ಇನ್ನು ಆ ಹಗ್ಗ ಹಟ್ಟಿಗೆ ಬೇಡವಾಗಿತ್ತು, ಅವನದೇ ಆಗಿತ್ತು. ರಂಗಕ್ಕ, ಪಾಲಣ್ಣ, ಈರಕ್ಕ, ನಾನು ಅವನ ಹಿಂದೆ ಮನೆಯ ಕಡೆ ನಡೆದೆವು. ಬಾಗಿಲ ಹತ್ತಿರ ಅವನು ನಿಂತು ಮಗಳ ಕಡೆ ತಿರುಗಿದ. ಏದುಸಿರು ಬಿಡುತ್ತಿದ್ದ, ಮುಖದಲ್ಲಿ ಸಿಟ್ಟಿತ್ತು.

"ಅಲ್ಲವ್ವ, ಎಡಸುತ್ತು ಬ್ಯಾಡ್ವೇ ಬ್ಯಾಡ ಅಂತ ಅಷ್ಟೊರ್ಸ ಕುಂತು ಬರ್ದೋಳು ನೀನೇ ಅಲ್ವಾ? ಮತ್ಯಾಕೆ ಸುತ್ತಿದೆ?"

"ಬೇಕಾಗಿರ್ಲಿಲ್ಲ ಕಣಪ್ಪ" ಎಂದಳು ಈರಕ್ಕ. "ಸಿಟ್ ಬಂದಿತ್ತು."